ಮನೆ ಕಳೆದುಕೊಂಡವನ ನಾಲ್ಕು ಚಿತ್ರಗಳು

ಬಕ್ರೀದ್ ಹಬ್ಬದ ರಾತ್ರಿ. ಬಂದ ನೆಂಟರೆಲ್ಲ ಊಟ ಮುಗಿಸಿ ಹೊರಟಿದ್ದರು. ಕಾಲೇಜಿನಲ್ಲಿ ಓದುತ್ತಿರುವ ನಮ್ಮ ತಂಗಿಯ ಮಗ ಮಾತ್ರ ಉಳಿದುಕೊಂಡಿದ್ದ. ಸಿನಿಮಾ ಹುಚ್ಚಿನ ಹುಡುಗ. ಮೊಬೈಲಿನಲ್ಲಿ ಅದೇನನ್ನೋ ಓದುತ್ತಾ ಕುಳಿತಿದ್ದವನು ತಲೆಯೆತ್ತಿ ಕೇಳಿದ: ‘ಮಾಮು, ಬಲರಾಜ್ ಸಾಹ್ನಿಯ ಚಿತ್ರಗಳಲ್ಲಿ ಎಲ್ಲಕ್ಕಿಂತ ಒಳ್ಳೆಯದು ಯಾವುದು?’

ನಾವು ಯೋಚಿಸುವ ಗೋಜಿಗೇ ಹೋಗದೆ ‘ಗರ್ಮ್ ಹವಾ’ ಎಂದೆವು.

‘ಅದನ್ನು ಅರ್ಧ ನೋಡಿದೆ. ಒಂದು ಮಾತು ಕೇಳ್ತೀನಿ, ಬೇಜಾರು ಮಾಡ್ಕೋಬೇಡಿ. ಸಲೀಂ ಮಿರ್ಜಾನ ಪಾತ್ರ ಮಾಡೋದಕ್ಕೆ ಒಬ್ಬ ಮುಸ್ಲಿಂ ನಟ ಸಿಗಲಿಲ್ವಾ?’

ಪ್ರಶ್ನೆಯಲ್ಲಿ ಕುಚೋದ್ಯವಿರಲಿಲ್ಲ. ಇಂದಿನ ಹುಡುಗರು ಬೆಳೆಯುತ್ತಿರುವ ಕಾಲದಿಂದ ಹುಟ್ಟಿದ ಪ್ರಶ್ನೆ ಅದು. ನಮ್ಮ ಬಗ್ಗೆ ಎಲ್ಲರೂ ಮಾತಾಡುತ್ತಾರೆ, ನಮಗೆ ಮಾತ್ರ ಮಾತಾಡಲು ಜಾಗ ಸಿಗುವುದಿಲ್ಲ ಎಂಬ ಸಂಕಟ ಅದರ ಹಿಂದಿತ್ತು. ಯೂಸುಫ್ ಖಾನ್ ಎಂಬ ಪೇಶಾವರದ ಪಠಾಣ ದಿಲೀಪ್ ಕುಮಾರ್ ಎಂಬ ಹೆಸರಿನಲ್ಲಿ 1955ರಲ್ಲಿ ದೇವದಾಸನಾದ, 1961ರಲ್ಲಿ ‘ಗಂಗಾ ಜಮುನಾ’ದ ಹಳ್ಳಿಗನಾದ, ಯಾರೂ ಬೇಡ ಎನ್ನಲಿಲ್ಲವಲ್ಲ ಎಂದು ಹೇಳಿದೆವು. ಹುಡುಗ ಸುಮ್ಮನಾದ. ಒಪ್ಪಿದ್ದಕ್ಕಲ್ಲ, ದೊಡ್ಡವರೆಂಬ ಮರ್ಯಾದೆಗೆ. ನಮಗೂ ಆ ಉತ್ತರ ಸಾಲದೆನ್ನಿಸಿತು. ‘ನಾಲ್ಕು ದಿನ ಇರು. ನಾಲ್ಕು ಚಿತ್ರ ನೋಡೋಣ, ಆಮೇಲೆ ಮಾತಾಡೋಣ’ ಎಂದೆವು.

ಹಾಗೆ ನೋಡಿದ್ದು ‘ದೋ ಬೀಘಾ ಜಮೀನ್’, ‘ಕಾಬೂಲಿವಾಲಾ’, ‘ವಕ್ತ್’ ಮತ್ತು ‘ಗರ್ಮ್ ಹವಾ’. ಇವನ್ನೆಲ್ಲ ಬೇರೆ ಬೇರೆ ವಯಸ್ಸಿನಲ್ಲಿ, ಬೇರೆ ಬೇರೆ ಕಡೆ ನೋಡಿದ್ದೆವು. ಒಂದರ ಬೆನ್ನಿಗೆ ಒಂದು ನೋಡಿದಾಗ, ಇಷ್ಟು ವರ್ಷ ಕಣ್ಣಿಗೆ ಬೀಳದಿದ್ದ ಸಂಗತಿಯೊಂದು ಎದ್ದು ಕಂಡಿತು. ನಾಲ್ಕೂ ಚಿತ್ರಗಳಲ್ಲಿ ಈ ನಟ ಮನೆ ಕಳೆದುಕೊಳ್ಳುತ್ತಾನೆ. ನಟ ಒಬ್ಬನೇ, ನೋವೂ ಹೆಚ್ಚು ಕಡಿಮೆ ಒಂದೇ. ಆದರೆ ಅವನ ಮನೆಯನ್ನು ಕಿತ್ತುಕೊಂಡವರು ಯಾರು ಎಂಬ ಪ್ರಶ್ನೆಗೆ ನಾಲ್ಕು ಚಿತ್ರಗಳೂ ನಾಲ್ಕು ಉತ್ತರ ಕೊಡುತ್ತವೆ. ಒಬ್ಬನೇ ನಟನ ಚಿತ್ರಗಳನ್ನು ತೂಗುವಾಗ ಸಾಮಾನ್ಯವಾಗಿ ನಾವು ಅವನ ಅಭಿನಯವನ್ನು ತೂಗುತ್ತೇವೆ. ಇಲ್ಲಿ ಅಭಿನಯ ಎಲ್ಲ ಕಡೆಯೂ ಪ್ರಾಮಾಣಿಕವಾಗಿದೆ. ತೂಗಬೇಕಾದದ್ದು ಆ ಉತ್ತರಗಳ ಪ್ರಾಮಾಣಿಕತೆಯನ್ನು ಎನ್ನಿಸಿತು.

ಬಿಮಲ್ ರಾಯ್ ನಿರ್ದೇಶನದ ‘ದೋ ಬೀಘಾ ಜಮೀನ್’ ಬಂದದ್ದು 1953ರಲ್ಲಿ. ಶಂಭು ಮಹತೋ ಎರಡು ಬೀಘಾ ನೆಲದ ರೈತ. ಜಮೀನ್ದಾರನಿಗೆ ಆ ನೆಲ ಬೇಕು, ಅಲ್ಲಿ ಕಾರ್ಖಾನೆ ಏಳಬೇಕು. ಅರವತ್ತೈದು ರೂಪಾಯಿ ಎಂದು ಶಂಭು ತಿಳಿದಿದ್ದ ಸಾಲ ಜಮೀನ್ದಾರನ ಲೆಕ್ಕದ ಪುಸ್ತಕದಲ್ಲಿ 235 ಆಗಿರುತ್ತದೆ. ನ್ಯಾಯಾಲಯ ಮೂರು ತಿಂಗಳ ಗಡುವು ಕೊಡುತ್ತದೆ. ಶಂಭು ಕಲಕತ್ತೆಗೆ ಹೋಗಿ ರಿಕ್ಷಾ ಎಳೆಯುತ್ತಾನೆ. ಸವಾರಿಯವರ ಮೋಜಿಗೆ, ಕಾಸಿನ ಆಸೆಗೆ ಅವನು ಕುದುರೆಯಂತೆ ಓಡುವ ದೃಶ್ಯವನ್ನು ನೋಡಿದವರು ಮರೆಯಲಾರರು.

ಈ ಶಂಭು ಯಾರು? ರಾವಳ್ಪಿಂಡಿಯ ಸ್ಥಿತಿವಂತ ಮನೆತನದಲ್ಲಿ 1913ರಲ್ಲಿ ಹುಟ್ಟಿದವನು. ಲಾಹೋರಿನಲ್ಲಿ ಇಂಗ್ಲಿಷ್ ಸಾಹಿತ್ಯ ಓದಿದವನು. ಶಾಂತಿನಿಕೇತನದಲ್ಲಿ ಪಾಠ ಹೇಳಿದವನು. ಲಂಡನ್ನಿನ ಬಿಬಿಸಿಯಲ್ಲಿ ಕೆಲಸ ಮಾಡಿ ಬಂದವನು. ಇಂಥವನು ರಿಕ್ಷಾ ಎಳೆದರೆ ನಂಬುವವರು ಯಾರು? ಈ ಅನುಮಾನ ಸ್ವತಃ ಸಾಹ್ನಿಯವರಿಗೇ ಇತ್ತು. ಉತ್ತರ ಭಾರತದಿಂದ ಮುಂಬಯಿಗೆ ಬಂದು ಎಮ್ಮೆ ಸಾಕಿಕೊಂಡಿದ್ದ ಹಾಲಿನವರ ನಡುವೆ ಕುಳಿತು, ಅವರು ಹೇಗೆ ನಡೆಯುತ್ತಾರೆ, ಹೇಗೆ ಉಣ್ಣುತ್ತಾರೆ ಎಂದು ನೋಡಿದರು. ಕಲಕತ್ತೆಯಲ್ಲಿ ಚಿತ್ರೀಕರಣ ನಡೆಯುವಾಗ ಕೈಸೋತು ಕುಳಿತಿದ್ದ ಅವರ ಬಳಿಗೆ ಬಿಹಾರದ ಮುದುಕನೊಬ್ಬ ಬಂದನಂತೆ. ಅವನೂ ರಿಕ್ಷಾ ಎಳೆಯುವವನೇ. ಚಿತ್ರದ ಕಥೆ ಕೇಳಿದವನೇ ಕಣ್ಣೀರಿಟ್ಟು, ಇದು ನನ್ನದೇ ಕಥೆ ಎಂದನಂತೆ. ಅವನ ಎರಡು ಬೀಘಾ ನೆಲವೂ ಜಮೀನ್ದಾರನ ಬಳಿ ಅಡವಾಗಿತ್ತು. ಆ ಕ್ಷಣದಿಂದ ಅಭಿನಯದ ಶಾಸ್ತ್ರವನ್ನೆಲ್ಲ ಬದಿಗಿಟ್ಟು ಆ ಮುದುಕನನ್ನೇ ಮನಸ್ಸಿಗೆ ತಂದುಕೊಂಡೆ ಎಂದು ಸಾಹ್ನಿ ತಮ್ಮ ಸಿನಿಮಾ ಆತ್ಮಕಥೆಯಲ್ಲಿ ಬರೆದುಕೊಂಡಿದ್ದಾರೆ.

ಈ ಚಿತ್ರದಲ್ಲಿ ಕೊರತೆಗಳಿಲ್ಲವೆಂದಲ್ಲ. ಕಷ್ಟದ ಮೇಲೆ ಕಷ್ಟ ಪೇರಿಸುವ ಆತುರವಿದೆ. ಗಂಡನನ್ನು ಹುಡುಕಿಕೊಂಡು ಬಂದ ಹೆಂಡತಿ ಕಾರಿಗೆ ಸಿಕ್ಕಿ, ಅವಳನ್ನು ಸಾಗಿಸಲು ಕರೆದ ರಿಕ್ಷಾ ಗಂಡನದೇ ಆಗುವಂಥ ಕಾಕತಾಳೀಯಗಳಿವೆ. ಆದರೆ ಕೊನೆಗೆ ಚಿತ್ರ ಸುಳ್ಳು ಹೇಳುವುದಿಲ್ಲ. ನೆಲ ಹೋಗುತ್ತದೆ, ಕಾರ್ಖಾನೆ ಏಳುತ್ತದೆ. ಒಂದು ಹಿಡಿ ಮಣ್ಣು ತೆಗೆದುಕೊಳ್ಳಲು ಹೋದವನನ್ನು ಕಾವಲುಗಾರ ಕಳ್ಳನೆಂದು ತಡೆಯುತ್ತಾನೆ. ಮಣ್ಣನ್ನು ಚೆಲ್ಲಿ ಅವನು ಹೆಂಡತಿ ಮಗನೊಡನೆ ಹೊರಟುಹೋಗುತ್ತಾನೆ. ಮನೆ ಕಿತ್ತುಕೊಂಡವರು ಯಾರು? ಸುಳ್ಳು ಲೆಕ್ಕದ ಪುಸ್ತಕ ಮತ್ತು ಅದನ್ನು ನಂಬಿದ ನ್ಯಾಯಾಲಯ ಎಂದು ಚಿತ್ರ ನೇರವಾಗಿಯೇ ಹೇಳುತ್ತದೆ.

ಎರಡನೆಯ ರಾತ್ರಿ ‘ಕಾಬೂಲಿವಾಲಾ’. ರವೀಂದ್ರನಾಥ ಠಾಕೂರರ ಕಥೆ. ಹಿಂದಿಯಲ್ಲಿ 1961ರಲ್ಲಿ ಹೇಮೆನ್ ಗುಪ್ತಾ ನಿರ್ದೇಶಿಸಿದರು, ನಿರ್ಮಾಪಕರು ಬಿಮಲ್ ರಾಯ್. ದ್ರಾಕ್ಷಿ ಬಾದಾಮಿ ಮಾರಲು ಅಫ್ಘಾನಿಸ್ತಾನದಿಂದ ಕಲಕತ್ತೆಗೆ ಬಂದ ಪಠಾಣ, ಊರಿನಲ್ಲಿ ಬಿಟ್ಟು ಬಂದ ಮಗಳನ್ನು ಮಿನಿ ಎಂಬ ಬಂಗಾಳಿ ಹುಡುಗಿಯಲ್ಲಿ ಕಾಣುತ್ತಾನೆ. ರಾವಳ್ಪಿಂಡಿಯವರಿಗೆ ಪಠಾಣರೇನೂ ಅಪರಿಚಿತರಲ್ಲ. ಸಾಹ್ನಿಯವರ ನಡಿಗೆಯಲ್ಲಿ, ಮಾತಿನ ಒರಟುತನದಲ್ಲಿ, ಒಮ್ಮೆಗೇ ಮಗುವಾಗಿಬಿಡುವ ನಗೆಯಲ್ಲಿ ಆ ಪರಿಚಯ ಕಾಣುತ್ತದೆ.

ಚಿಕ್ಕಂದಿನಲ್ಲಿ ಈ ಚಿತ್ರ ನೋಡಿ ನಾವು ಬಿಕ್ಕಿ ಬಿಕ್ಕಿ ಅತ್ತಿದ್ದೆವು. ಈ ಸಲ ಅಳು ಬಂದರೂ ಜೊತೆಗೆ ಒಂದು ಕಸಿವಿಸಿಯೂ ಆಯಿತು. ಈ ಪಠಾಣ ಒಳ್ಳೆಯವನು, ಆದರೆ ದೂರದವನು. ಅವನ ಜೋಳಿಗೆ ನೋಡಿ ಮಕ್ಕಳು ಹೆದರುತ್ತವೆ, ಆಮೇಲೆ ಅವನು ಒಳ್ಳೆಯವನೆಂದು ಗೊತ್ತಾಗುತ್ತದೆ. ಕೋಪದಲ್ಲಿ ಚೂರಿ ಹಾಕುತ್ತಾನೆ, ಜೈಲಿಗೆ ಹೋಗುತ್ತಾನೆ. ಕೊನೆಗೆ ಮಿನಿಯ ತಂದೆ ಮಗಳ ಮದುವೆಯ ಖರ್ಚಿನಲ್ಲಿ ಉಳಿಸಿ ಊರಿಗೆ ಹೋಗಲು ಹಣ ಕೊಡುತ್ತಾನೆ. ಠಾಕೂರರ ಮನಸ್ಸು ದೊಡ್ಡದು, ಸಂಶಯವಿಲ್ಲ. ತಂದೆಯೊಬ್ಬ ಇನ್ನೊಬ್ಬ ತಂದೆಯನ್ನು ಗುರುತಿಸುವ ಕಥೆ ಅದು. ಆದರೆ ನಮ್ಮ ಸಿನಿಮಾಗಳು ಅಲ್ಲಿಂದ ಒಂದು ಚಾಳಿ ಕಲಿತವು. ಪ್ರಾಣ ಕೊಡುವ ಖಾನ್ ಚಾಚಾ, ನಿಯತ್ತಿನ ಪಠಾಣ, ದುವಾ ಮಾಡುವ ಮುದುಕ - ಇವರೆಲ್ಲ ಆ ಕಾಬೂಲಿವಾಲಾನ ಬಡ ಸಂಬಂಧಿಕರು. ಅವರನ್ನು ನೋಡಿ ಮರುಗಬಹುದು. ಅವರಿಗೊಂದು ಮನೆ ವಿಳಾಸ, ಬಾಡಿಗೆ ಕರಾರು, ತೆರಿಗೆ ರಸೀದಿ ಇರುತ್ತದೆ ಎಂದು ಮಾತ್ರ ಯಾರಿಗೂ ಹೊಳೆಯುವುದಿಲ್ಲ. ಅವನ ಮನೆ ದೂರವಾದದ್ದು ಯಾರಿಂದ ಎಂಬ ಪ್ರಶ್ನೆಯನ್ನು ಚಿತ್ರ ಒತ್ತಿ ಕೇಳುವುದಿಲ್ಲ. ಕಣ್ಣೀರು ಆ ಪ್ರಶ್ನೆಯನ್ನು ತೊಳೆದುಬಿಡುತ್ತದೆ.

ಮೂರನೆಯದು ಯಶ್ ಚೋಪ್ರಾ ನಿರ್ದೇಶನದ ‘ವಕ್ತ್’ (1965). ಲಾಲಾ ಕೇದಾರನಾಥ ಶ್ರೀಮಂತ ವ್ಯಾಪಾರಿ. ಎಲ್ಲವೂ ನನ್ನ ದುಡಿಮೆಯಿಂದ ಆದದ್ದು, ಹಣೆಬರಹ ಎಂಬುದಿಲ್ಲ ಎಂದು ಕೊಚ್ಚಿಕೊಳ್ಳುತ್ತಾನೆ. ಅದೇ ರಾತ್ರಿ ಭೂಕಂಪವಾಗಿ ಮನೆ ಕುಸಿಯುತ್ತದೆ, ಹೆಂಡತಿ ಮಕ್ಕಳು ಚೆಲ್ಲಾಪಿಲ್ಲಿಯಾಗುತ್ತಾರೆ. ಮೂವರು ಗಂಡುಮಕ್ಕಳು ಮೂರು ದಿಕ್ಕಿನಲ್ಲಿ ಬೆಳೆದು, ಕೊನೆಗೆ ನ್ಯಾಯಾಲಯದಲ್ಲಿ ಎಲ್ಲರೂ ಒಂದಾಗುತ್ತಾರೆ. ನಮ್ಮ ಹುಡುಗನಿಗೆ ತುಂಬ ಹಿಡಿಸಿದ್ದು ಇದೇ. ತಾರೆಯರ ದಂಡು, ಹಾಡು, ಕಾರು, ಬಂಗಲೆ. ಅಷ್ಟೆಲ್ಲ ಥಳುಕಿನ ನಡುವೆಯೂ ಜೈಲಿನಿಂದ ಬಂದ ಮುದುಕ ಲಾಲಾನ ಕಣ್ಣುಗಳು ನಿಜವಾಗಿವೆ.

ಆದರೆ ಇಲ್ಲಿ ಮನೆ ಕಿತ್ತುಕೊಂಡದ್ದು ಯಾರು? ಕಾಲ. ವಿಧಿ. ಭೂಮಿ ನಡುಗಿದ್ದಕ್ಕೆ ಯಾರನ್ನು ದೂರುವುದು? 1947ರಲ್ಲಿ ಚೆದುರಿಹೋದ ಲಕ್ಷಾಂತರ ಪಂಜಾಬಿ ಸಂಸಾರಗಳು ಈ ಚಿತ್ರದಲ್ಲಿ ತಮ್ಮ ಕಥೆಯನ್ನೇ ಕಂಡಿರಬೇಕು. ಒಡೆದ ಮನೆ, ಕಳೆದುಹೋದ ಮಕ್ಕಳು, ಎಂದಾದರೂ ಸಿಕ್ಕಾರೆಂಬ ಆಸೆ. ವಿಭಜನೆಯ ಹೆಸರೆತ್ತದೆ ವಿಭಜನೆಗೆ ಅಳಲು ಒಂದು ನೆವ. ಅದನ್ನು ನಾವು ಹಗುರವಾಗಿ ಕಾಣುವುದಿಲ್ಲ. ಗಾಯ ಹಸಿಯಿದ್ದಾಗ ಮನುಷ್ಯರಿಗೆ ಭೂಕಂಪ ಎಂಬ ಹೆಸರೇ ಬೇಕಾಗುತ್ತದೆ. ಆದರೆ ವಿಭಜನೆಯನ್ನು ಮಾಡಿದವರು ಮನುಷ್ಯರು. ವಿಧಿಯ ಮೇಲೆ ಹೊರಿಸಿದ ತಪ್ಪಿಗೆ ಯಾರೂ ತಲೆ ತಗ್ಗಿಸಬೇಕಾಗಿಲ್ಲ. ಅದಕ್ಕೇ ಆ ಚಿತ್ರದಲ್ಲಿ ಕಳೆದುಹೋದದ್ದೆಲ್ಲ ಮರಳಿ ಸಿಗುತ್ತದೆ.

ನಾಲ್ಕನೆಯ ರಾತ್ರಿ ‘ಗರ್ಮ್ ಹವಾ’ ಹಾಕಿದಾಗ ಅಮ್ಮಿಯೂ ಬಂದು ಕುಳಿತರು. ನಿರ್ದೇಶಕ ಎಂ.ಎಸ್. ಸತ್ಯು ನಮ್ಮ ಮೈಸೂರಿನವರು. ಇಸ್ಮತ್ ಚುಗ್ತಾಯಿಯವರ ಅಪ್ರಕಟಿತ ಕಥೆಯೊಂದನ್ನು ಆಧರಿಸಿ ಕೈಫಿ ಆಜ್ಮಿ ಮತ್ತು ಶಮಾ ಜೈದಿ ಚಿತ್ರಕಥೆ ಬರೆದರು. ಗಲಭೆಯಾದೀತು ಎಂಬ ಭಯದಿಂದ ಸೆನ್ಸಾರಿನವರು ತಿಂಗಳುಗಟ್ಟಲೆ ತಡೆಹಿಡಿದ ಚಿತ್ರ ಅದು. 1974ರಲ್ಲಿ ಮೊದಲು ತೆರೆಕಂಡದ್ದು ಬೆಂಗಳೂರಿನಲ್ಲಿ. ಗಲಭೆಯಾಗಲಿಲ್ಲ. ಆಮೇಲೆ ದೇಶ ನೋಡಿತು. ರಾಷ್ಟ್ರೀಯ ಭಾವೈಕ್ಯದ ಪ್ರಶಸ್ತಿಯೂ ಬಂತು. ಕನ್ನಡಿಗನೊಬ್ಬ ಮಾಡಿದ ಆಗ್ರಾದ ಕಥೆಯನ್ನು ಮೊದಲು ಕಂಡವರು ಕನ್ನಡ ನಾಡಿನವರು ಎಂಬುದು ನಮಗೊಂದು ಸಣ್ಣ ಹೆಮ್ಮೆ.

ಸಲೀಂ ಮಿರ್ಜಾ ಆಗ್ರಾದಲ್ಲಿ ಚಪ್ಪಲಿ, ಬೂಟು ತಯಾರಿಸುವ ಕಾರ್ಖಾನೆಯವನು. ರೈಲು ನಿಲ್ದಾಣದಲ್ಲಿ ಒಬ್ಬೊಬ್ಬರನ್ನೇ ಪಾಕಿಸ್ತಾನಕ್ಕೆ ಬೀಳ್ಕೊಟ್ಟು ಟಾಂಗಾ ಹತ್ತಿ ಮನೆಗೆ ಮರಳುತ್ತಾನೆ. ಮುಸ್ಲಿಂ ಲೀಗಿನ ಮುಖಂಡನಾದ ಅಣ್ಣ, ಮುಸಲ್ಮಾನರನ್ನು ಬಿಟ್ಟು ಹೋಗೆನೆಂದು ಭಾಷಣ ಮಾಡಿದವನು, ಸದ್ದಿಲ್ಲದೆ ಗಂಟು ಕಟ್ಟುತ್ತಾನೆ. ಹವೇಲಿ ಅಣ್ಣನ ಹೆಸರಿನಲ್ಲಿದ್ದದ್ದರಿಂದ ಅದು ವಲಸೆ ಹೋದವನ ಆಸ್ತಿಯಾಗಿ ಸರ್ಕಾರದ ವಶವಾಗುತ್ತದೆ, ಸಿಂಧಿನಿಂದ ಎಲ್ಲ ಬಿಟ್ಟು ಬಂದ ವ್ಯಾಪಾರಿಯೊಬ್ಬನ ಪಾಲಾಗುತ್ತದೆ. ಬ್ಯಾಂಕಿನಲ್ಲಿ ಸಾಲ ಹುಟ್ಟುವುದಿಲ್ಲ. ಇವತ್ತು ಇದ್ದವನು ನಾಳೆ ಕರಾಚಿಗೆ ಹೋದರೆ? ಬಾಡಿಗೆ ಮನೆ ಹುಡುಕುತ್ತಾ ಬಾಗಿಲಿಂದ ಬಾಗಿಲಿಗೆ ಅಲೆಯುತ್ತಾನೆ. ಹವೇಲಿಯ ನಕ್ಷೆಯನ್ನು ಅಣ್ಣನಿಗೆ ಕಳಿಸಿದ್ದಕ್ಕೆ ಗೂಢಚಾರನೆಂಬ ಆರೋಪ ಹೊರುತ್ತಾನೆ.

ಇಲ್ಲಿ ಭೂಕಂಪವಿಲ್ಲ. ಕತ್ತಿ, ಬೆಂಕಿ, ರಕ್ತವೂ ಹೆಚ್ಚಿಲ್ಲ. ಒಂದು ಕಾಗದ, ಒಂದು ನೋಟಿಸು, ಒಂದು ನಯವಾದ ‘ಇಲ್ಲ’. ಮನುಷ್ಯನೊಬ್ಬ ತನ್ನ ಊರಿನಲ್ಲೇ ಸ್ವಲ್ಪ ಸ್ವಲ್ಪವಾಗಿ ಪರದೇಶಿಯಾಗುವುದು ಹೀಗೆ. ಮನೆ ಕಿತ್ತುಕೊಂಡವರು ಯಾರು ಎಂಬ ಪ್ರಶ್ನೆಗೆ ಈ ಚಿತ್ರ ಒಬ್ಬರ ಕಡೆ ಬೊಟ್ಟು ಮಾಡಿ ಕೈತೊಳೆದುಕೊಳ್ಳುವುದಿಲ್ಲ. ಕಾನೂನಿದೆ, ಬ್ಯಾಂಕಿದೆ, ಮನೆ ಮಾಲೀಕರಿದ್ದಾರೆ. ಅವರ ಜೊತೆಯಲ್ಲೇ ಮಾತು ತಪ್ಪಿದ ನಮ್ಮ ಮುಖಂಡನೂ ಇದ್ದಾನೆ. ಸಲೀಮನ ಮಗಳು ಅಮೀನಾಳಿಗೆ ಮಾತು ಕೊಟ್ಟವರಲ್ಲಿ ಒಬ್ಬನನ್ನು ಪೊಲೀಸರು ಎಳೆದೊಯ್ಯುತ್ತಾರೆ, ಇನ್ನೊಬ್ಬನ ಮದುವೆ ಗಡಿಯಾಚೆ ಬೇರೆ ಕಡೆ ನಿಶ್ಚಯವಾಗುತ್ತದೆ. ಹುಡುಗಿ ಪ್ರಾಣ ಕಳೆದುಕೊಳ್ಳುತ್ತಾಳೆ. ಅವಳ ಸಾವಿಗೆ ದೇಶ ವಿಭಜನೆಯೊಂದೇ ಕಾರಣವೇ? ಅವಳ ಬದುಕನ್ನು ತಮ್ಮ ಅನುಕೂಲಕ್ಕೆ ತಕ್ಕಂತೆ ನಿಶ್ಚಯಿಸಿ, ಮುರಿದು, ಮತ್ತೆ ನಿಶ್ಚಯಿಸಿದ ಬಂಧುಗಳಿಗೆ ಪಾಲಿಲ್ಲವೇ? ಕಾಬೂಲಿವಾಲಾ ಊರಿನಲ್ಲಿ ಬಿಟ್ಟು ಬಂದ ಮಗಳ ಹೆಸರೂ ಅಮೀನಾ. ಆ ಅಮೀನಾಳಿಗಾಗಿ ಎಲ್ಲರೂ ಅಳಬಹುದು. ಈ ಅಮೀನಾಳಿಗಾಗಿ ಅಳಬೇಕಾದರೆ ನಮ್ಮ ಮನೆಯೊಳಗಿನ ಸಂಗತಿಗಳನ್ನೂ ನೋಡಿಕೊಳ್ಳಬೇಕು.

ಮಗಳು ಸತ್ತದ್ದನ್ನು ಕಂಡಾಗ ಸಲೀಂ ಮಿರ್ಜಾ ಬಾಯಿ ಬಿಟ್ಟು ಅಳುವುದಿಲ್ಲ. ಸುಮ್ಮನೆ ನಿಲ್ಲುತ್ತಾನೆ. ಸಾಹ್ನಿ ಆ ಹೊತ್ತಿಗೆ ತಮ್ಮ ಮಗಳು ಶಬನಮ್‌ಳನ್ನು ಕಳೆದುಕೊಂಡು ಹೆಚ್ಚು ದಿನವಾಗಿರಲಿಲ್ಲ. ಚಿತ್ರಕ್ಕೆ ಧ್ವನಿ ಕೊಟ್ಟು ಮುಗಿಸಿದ ಮರುದಿನ, 1973ರ ಏಪ್ರಿಲ್ 13ರಂದು ಅವರೂ ತೀರಿಕೊಂಡರು. ಬಿಡುಗಡೆಯಾದ ಚಿತ್ರವನ್ನು ಅವರು ನೋಡಲಿಲ್ಲ.

ಮಿರ್ಜಾನ ತಾಯಿ ಹವೇಲಿ ಬಿಟ್ಟು ಬರಲೊಲ್ಲದೆ ಸೌದೆ ತುಂಬಿದ ಮೂಲೆಯಲ್ಲಿ ಅಡಗಿ ಕೂರುವ ದೃಶ್ಯ ಬಂದಾಗ ಅಮ್ಮಿ ತಸ್ಬೀಹ್ ಎಣಿಸುವುದನ್ನು ನಿಲ್ಲಿಸಿದರು. ಮುದುಕಿಯನ್ನು ಹೊತ್ತುಕೊಂಡು ಹೋಗುವಾಗ ಕಣ್ಣೊರೆಸಿಕೊಂಡರು. ಬಾಡಿಗೆ ಮನೆಯ ಪ್ರಸಂಗ ಬಂದಾಗ ನಮ್ಮ ಕಡೆ ತಿರುಗಿ ನೋಡಿದರು, ಏನೂ ಹೇಳಲಿಲ್ಲ.

ಆ ನೋಟದ ಅರ್ಥ ನಮಗೆ ಗೊತ್ತಿತ್ತು. ಹದಿನೈದು ವರ್ಷಗಳ ಹಿಂದೆ ಕೆಲಸದ ಮೇಲೆ ನಗರವೊಂದಕ್ಕೆ ಹೋದಾಗ ಮನೆ ಹುಡುಕಿದ್ದೆವು. ಒಬ್ಬ ಹಿರಿಯರು ಪ್ರೀತಿಯಿಂದ ಮಾತಾಡಿಸಿದರು, ನೀರು ಕೊಟ್ಟರು, ನಮ್ಮ ಕನ್ನಡವನ್ನು ಮೆಚ್ಚಿಕೊಂಡರು. ಆಮೇಲೆ ಹೆಸರು ಕೇಳಿದರು. ‘ಮನೆಯವರನ್ನು ಒಂದು ಮಾತು ಕೇಳಿ ಹೇಳ್ತೀನಿ’ ಎಂದರು. ‘ಮನೆ ಬಾಡಿಗೆಗಿದೆ’ ಎಂಬ ಬೋರ್ಡು ಎರಡು ತಿಂಗಳು ಹಾಗೆಯೇ ನೇತಾಡುತ್ತಿತ್ತು. ಅವರು ಕೆಟ್ಟವರಾಗಿರಲಿಲ್ಲ. ಅದೇ ಕಷ್ಟ. ಕೆಟ್ಟವರಾಗಿದ್ದರೆ ಬೈದು ಮರೆತುಬಿಡುತ್ತಿದ್ದೆವು.

ಈ ಕಥೆಯನ್ನು ನಾವು ಹಲವು ಸಲ ಹೇಳಿಕೊಂಡಿದ್ದೇವೆ. ಹೇಳಿಕೊಳ್ಳದ ಇನ್ನೊಂದು ಕಥೆಯಿದೆ. ಕೊನೆಗೆ ನಮ್ಮವರದೇ ಗಲ್ಲಿಯಲ್ಲಿ ಮನೆ ಸಿಕ್ಕಿತು. ಕೆಲವು ತಿಂಗಳ ಮೇಲೆ ಅದೇ ವಠಾರದಲ್ಲಿ ಇನ್ನೊಂದು ಮನೆ ಖಾಲಿಯಾಯಿತು. ಪೌರಕಾರ್ಮಿಕರ ಸಂಸಾರವೊಂದು ಕೇಳಿಕೊಂಡು ಬಂತು. ಮುಂಗಡ ಕೊಡಲೂ ಸಿದ್ಧರಿದ್ದರು. ಮಾಲೀಕರು, ಐದು ಹೊತ್ತಿನ ನಮಾಜಿನವರು, ‘ಕೇಳಿ ಹೇಳ್ತೀನಿ’ ಎಂದರು. ಕೇಳಿದ್ದು ನಮ್ಮನ್ನೇ, ವಠಾರದವರನ್ನು. ಒಂದೇ ಸಫ್‌ನಲ್ಲಿ ರಾಜನೂ ಗುಲಾಮನೂ ನಿಲ್ಲುವ ದೀನು ನಮ್ಮದು ಎಂದು ಲೇಖನ ಬರೆಯುವ ನಾವು ಆ ದಿನ ಗಟ್ಟಿಯಾಗಿ ಏನೂ ಹೇಳಲಿಲ್ಲ. ‘ನಿಮ್ಮ ಇಷ್ಟ’ ಎಂದುಬಿಟ್ಟೆವು. ಆ ಸಂಸಾರ ಸಾಮಾನು ತುಂಬಲು ತಂದಿದ್ದ ಕೈಗಾಡಿಯನ್ನು ಖಾಲಿಯಾಗಿಯೇ ತಳ್ಳಿಕೊಂಡು ಹೋಯಿತು.

ಚಿತ್ರ ಮುಗಿದಾಗ ಹುಡುಗನಿಗೆ ಈ ಎರಡೂ ಕಥೆ ಹೇಳಿದೆವು. ಆಮೇಲೆ ಅವನ ಪ್ರಶ್ನೆಗೆ ಬಂದೆವು. ಸಲೀಂ ಮಿರ್ಜಾನ ಪಾತ್ರ ಮಾಡಿದವರ ಸ್ವಂತ ಊರು ರಾವಳ್ಪಿಂಡಿ, 1947ರ ನಂತರ ಪಾಕಿಸ್ತಾನ. ಸಾಹ್ನಿ ಮನೆತನ ಆ ಕಡೆಯಿಂದ ಈ ಕಡೆಗೆ ಬರಬೇಕಾಯಿತು. ಹವೇಲಿಯನ್ನು ಪಡೆದ ಸಿಂಧಿ ವ್ಯಾಪಾರಿಯ ನೋವು ಯಾವುದೋ, ಸಾಹ್ನಿಯವರದೂ ಲೆಕ್ಕದಲ್ಲಿ ಅದೇ. ಅವರು ಆ ಪಾತ್ರ ಮಾಡಿದ್ದರೆ ಯಾರೂ ಆಕ್ಷೇಪಿಸುತ್ತಿರಲಿಲ್ಲ. ತಾನು ಮನೆ ಕಳೆದುಕೊಂಡದ್ದನ್ನು ಹಿಡಿದುಕೊಂಡು ಜೀವಮಾನವೆಲ್ಲ ಕೋಪ ಸಾಕಬಹುದಿತ್ತು. ಆ ದಾರಿ ಹಿಡಿದವರು ಎರಡೂ ಕಡೆ ಬೇಕಾದಷ್ಟಿದ್ದಾರೆ. ಅವರು ತಮ್ಮ ಗಾಯವನ್ನು ಎದುರು ದಂಡೆಯವನ ಗಾಯ ಅರಿಯಲು ಬಳಸಿಕೊಂಡರು. ರಿಕ್ಷಾ ಎಳೆಯುವ ಮುದುಕನ ಮುಂದೆ ಹೇಗೆ ಕುಳಿತರೋ ಹಾಗೆಯೇ ಸಲೀಂ ಮಿರ್ಜಾನ ಮುಂದೆಯೂ ಕುಳಿತರು.

ನಮ್ಮ ಹುಡುಗರಿಗೆ ಪಾತ್ರ ಸಿಗಬೇಕು, ಕ್ಯಾಮೆರಾ ಸಿಗಬೇಕು, ಕಥೆ ಹೇಳುವ ಅವಕಾಶ ಸಿಗಬೇಕು. ಅದರಲ್ಲಿ ಎರಡು ಮಾತಿಲ್ಲ. ಇದೇ ಚಿತ್ರದಲ್ಲಿ ಕಿರಿಯ ಮಗ ಸಿಕಂದರನಾಗಿ ಸಿನಿಮಾಕ್ಕೆ ಕಾಲಿಟ್ಟವರು ಫಾರೂಕ್ ಶೇಖ್. ಆದರೆ ನಮ್ಮ ನೋವನ್ನು ನಾವು ಮಾತ್ರ ಆಡಬಹುದು ಎಂದು ಗೆರೆ ಎಳೆದರೆ, ಪೌರಕಾರ್ಮಿಕನ ನೋವಿನ ಮುಂದೆ ‘ನಿಮ್ಮ ಇಷ್ಟ’ ಎಂದು ಸುಮ್ಮನಾಗಲು ನಮಗೇ ಒಳ್ಳೆಯ ನೆವ ಸಿಕ್ಕಂತೆ.

‘ಗರ್ಮ್ ಹವಾ’ದ ಕೊನೆಯಲ್ಲಿ ಸಲೀಮನೂ ಸೋತು ಪಾಕಿಸ್ತಾನಕ್ಕೆ ಹೊರಟುಬಿಡುತ್ತಾನೆ. ಟಾಂಗಾ ನಿಲ್ದಾಣದ ಕಡೆ ಹೋಗುತ್ತಿರುವಾಗ ಎದುರಿಗೆ ಕೆಲಸ ಕೇಳುವವರ ಮೆರವಣಿಗೆ ಬರುತ್ತದೆ. ಸಿಕಂದರ್ ಇಳಿದು ಸೇರಿಕೊಳ್ಳುತ್ತಾನೆ. ಸ್ವಲ್ಪ ಹೊತ್ತಿಗೆ ಸಲೀಮನೂ ಮನೆಯ ಬೀಗದ ಕೈಯನ್ನು ಹೆಂಡತಿಗೆ ಕೊಟ್ಟು, ಟಾಂಗಾವನ್ನು ಹಿಂದಕ್ಕೆ ಕಳಿಸಿ, ಗುಂಪಿನೊಳಗೆ ನಡೆದುಹೋಗುತ್ತಾನೆ. ‘ವಕ್ತ್’ನ ಲಾಲಾನಿಗೆ ಸಿಕ್ಕಂತೆ ಅವನಿಗೆ ಏನೂ ಮರಳಿ ಸಿಗುವುದಿಲ್ಲ. ಹವೇಲಿ ಹೋದದ್ದು ಹೋಯಿತು, ಅಮೀನಾ ಹೋದಳು. ಕಾಬೂಲಿವಾಲಾನಂತೆ ಯಾರೂ ಅವನ ಕೈಗೆ ಹಣವಿಡುವುದಿಲ್ಲ. ಶಂಭುವಿನಂತೆ ಬೆನ್ನು ತಿರುಗಿಸಿಯೂ ಹೋಗುವುದಿಲ್ಲ. ಉಳಿದವರ ಜೊತೆ ಉಳಿಯುತ್ತಾನೆ, ಅಷ್ಟೆ. ನಾಲ್ಕರಲ್ಲಿ ಇದು ದೊಡ್ಡ ಚಿತ್ರವೆಂದು ನಾವು ಹೇಳುವುದು ಅದಕ್ಕಾಗಿ.

ಹುಡುಗ ಒಪ್ಪಿದನೋ ಇಲ್ಲವೋ ತಿಳಿಯದು. ‘ಆ ಕೈಗಾಡಿಯವರು ಈಗ ಎಲ್ಲಿದ್ದಾರೆ ಮಾಮು?’ ಎಂದು ಮಾತ್ರ ಕೇಳಿದ. ನಮ್ಮಲ್ಲಿ ಉತ್ತರವಿರಲಿಲ್ಲ.

ಅಮ್ಮಿ ಎದ್ದು ಹೊರಡುತ್ತಾ ಕೇಳಿದರು: ‘ಆ ಮಿರ್ಜಾ ಆಗಿದ್ದವರ ಹೆಸರೇನು?’ ಹೇಳಿದೆವು. ಹೆಸರನ್ನು ಒಂದು ಸಲ ಬಾಯಲ್ಲಿ ಆಡಿಸಿಕೊಂಡು, ‘ಅಲ್ಲಾಹ್ ಅವರಿಗೆ ಒಳ್ಳೆ ಮನೆ ಕೊಡಲಿ’ ಎಂದು ಒಳಗೆ ಹೋದರು.